ಐದು ಮನೆಯ ಕೌದಿ

೧೯೮೧ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ಇಯತ್ತೆ ಅರ್ಧವಾಗಿತ್ತು. ‘ಬಿಡಿಸಿದರು’ ಎಂದರೆ ಕೇಳಿದವರು ಅಯ್ಯೋ ಎನ್ನುತ್ತಾರೆ. ಅಯ್ಯೋ ಎನಿಸಿಕೊಳ್ಳುವುದು ನನಗೆ ಮೊದಲಿನಿಂದಲೂ ಆಗಿಬರದು. ಅದಕ್ಕೇ ‘ಬಿಟ್ಟೆ’ ಎನ್ನುತ್ತ ಬಂದಿದ್ದೇನೆ. ಸಿಂದಗಿ ಕಡೆಯ ನಮ್ಮೂರಿನಿಂದ ಸೊಲ್ಲಾಪುರಕ್ಕೆ ಬಸ್ಸು, ಅಲ್ಲಿಂದ ಮುಂಬಯಿಗೆ ರೈಲು, ಜೊತೆಗೆ ಸೋದರಮಾವ. ಮೊದಲು ಸಿಮೆಂಟು ಹೊತ್ತೆ, ಆಮೇಲೆ ಕಲಸಿದೆ, ಆಮೇಲೆ ಫರ್ಶಿ ಕೂರಿಸುವ ಮಿಸ್ತ್ರಿಯಾದೆ. ನೆಲಕ್ಕೆ ಟೈಲು, ಕಲ್ಲು, ಮಾರ್ಬಲ್ಲು ಹಾಸುವ ಕೆಲಸ. ನಾನು ಹಾಸಿದ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ಕೂತಿರುತ್ತದೆ. ಇದು ಜಂಬವೆಂದರೆ ಜಂಬವೇ.

ಇವತ್ತು ಬೆಳಿಗ್ಗೆ ಚಾಪೆ ಝಾಡಿಸುವಾಗ ಒಂದು ಸೂಜಿ ಹೆಬ್ಬೆರಳಿಗೆ ಚುಚ್ಚಿತು. ಸಿಮೆಂಟಿನಲ್ಲಿ ನೆನೆದು ನೆನೆದು ಗೆರೆಗಳೆಲ್ಲ ಸವೆದುಹೋದ ಹೆಬ್ಬೆರಳು ಇದು. ರೇಷನ್ ಅಂಗಡಿಯ ಮಿಷನ್ನಿನ ಮೇಲೆ ಒತ್ತಿದರೆ ಗುರುತು ಮೂಡುವುದಿಲ್ಲ. “ದೂಸ್ರೀ ಉಂಗಲೀ ಲಗಾವ್ ಚಾಚಾ” ಎನ್ನುತ್ತಾನೆ ಅಂಗಡಿಯವ, ಬೇರೆ ಬೆರಳು ಒತ್ತು ಅಂತ. ಸರಕಾರಕ್ಕೆ ಕಾಣದ ಹೆಬ್ಬೆರಳು ಸೂಜಿಗೆ ಮಾತ್ರ ಸರಿಯಾಗಿ ಕಾಣುತ್ತದೆ. ಒಂಟಿ ಗಂಡಸಿನ ಖೋಲಿಯಲ್ಲಿ ಸೂಜಿಗೇನು ಕೆಲಸ ಎಂದು ನೀವು ಕೇಳಬಹುದು. ಅಂಗಿಯ ಗುಂಡಿಗಲ್ಲ. ನಾನು ಕೌದಿ ಹೊಲಿದಿದ್ದೇನೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೌದಿ ಎಂದರೆ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ತುಂಡು ಬಟ್ಟೆಗಳನ್ನು ಜೋಡಿಸಿ, ಉದ್ದಕ್ಕೂ ಕೈಹೊಲಿಗೆ ಹಾಕಿದ್ದು. ಹಾಸಿಕೊಂಡರೆ ಹಾಸಿಗೆ, ಹೊದ್ದುಕೊಂಡರೆ ಹೊದಿಕೆ. ನಮ್ಮ ಮನೆಯಲ್ಲಿ ಮಕ್ಕಳಿಗೆಲ್ಲ ಸೇರಿ ಒಂದೇ ಕೌದಿ. ನಡುವೆ ಮಲಗಿದವರು ರಾಜರು. ಅಂಚಿನವರ ಬೆನ್ನು ಯಾವಾಗಲೂ ಹೊರಗೆ. ನಾನು ಹಿರಿಯವ, ಹಾಗಾಗಿ ಅಂಚು ನನ್ನದು. ಚಳಿಯಾದಾಗ ತಮ್ಮನ ಕಾಲು ಎಳೆದು ಆಚೆ ಹಾಕುತ್ತಿದ್ದೆ. ಅವನು ನಿದ್ದೆಯಲ್ಲೇ ನನ್ನನ್ನು ಒದೆಯುತ್ತಿದ್ದ. ಮಳೆಗಾಲದಲ್ಲಿ ಒಗೆದರೆ ನಾಲ್ಕು ದಿನ ಒಣಗುತ್ತಿರಲಿಲ್ಲ. ಹಿಂಡಲು ಇಬ್ಬರು ಬೇಕು, ಹೊತ್ತು ಹಾಕಲು ಮೂವರು. ಒದ್ದೆ ಕೌದಿಯ ಭಾರ ಎಷ್ಟೆಂದು ಹೊತ್ತವರಿಗೇ ಗೊತ್ತು. ಮುಂಬಯಿಗೆ ಬಂದ ಮೇಲೆ ಕಟ್ಟಡದೊಳಗೆ ಸಿಮೆಂಟಿನ ಖಾಲಿ ಚೀಲ ಬಿಚ್ಚಿ ಹಾಸಿಕೊಂಡು ಮಲಗಿದೆ. ಇಲ್ಲಿ ಬೆನ್ನಿನ ಎರಡೂ ಕಡೆ ಬೇಕಾದಷ್ಟು ಜಾಗವಿತ್ತು. ಯಾರೂ ಒದೆಯಲಿಲ್ಲ. ಬಹಳ ದಿನ ನಿದ್ದೆ ಬರಲಿಲ್ಲ.

ಮೊಣಕಾಲು ಕೈಕೊಟ್ಟ ಮೇಲೆ ನಾನು ದೊಡ್ಡ ಕೆಲಸ ಹಿಡಿಯುವುದು ಬಿಟ್ಟೆ. ಜೀವಮಾನವಿಡೀ ಕುಕ್ಕರಗಾಲಲ್ಲಿ ಕೂತವನ ಮೊಣಕಾಲು, ಅದಾದರೂ ಏನು ಮಾಡೀತು. ರಜೆಯ ದಿನ ಬೇರೆಯವರು ನೆಂಟರ ಮನೆಗೆ ಹೋಗುತ್ತಾರೆ. ನಾನು ನನ್ನ ಫರ್ಶಿ ನೋಡಲು ಹೋಗುತ್ತೇನೆ. ಫೋರ್ಟಿನಲ್ಲಿ ಒಂದು ಆಫೀಸಿನ ಮೊಗಸಾಲೆ ನನ್ನದು. ಕರಿಕಲ್ಲು, ಬಿಳಿಕಲ್ಲು, ಚದುರಂಗದ ಮಣೆಯ ಹಾಗೆ. ಒಮ್ಮೆ ಒಳಗೆ ಹೋಗಿ ತಲೆ ತಗ್ಗಿಸಿ ನೋಡುತ್ತ ನಿಂತಿದ್ದೆ. ವಾಚ್‌ಮನ್ ಬಂದು, “ಕ್ಯಾ ಗಿರ್ ಗಯಾ?” ಎಂದು ಕೇಳಿದ. ಏನೂ ಬಿದ್ದಿಲ್ಲ ಎಂದೆ. “ತೋ ಫಿರ್ ನಿಕಲೋ.” ಹೊರಗೆ ಬಂದು ಎದುರಿನ ಉಡುಪಿ ಹೋಟೆಲಿನಲ್ಲಿ ಒಂದು ಚಹ ಕುಡಿದೆ. ಅದರ ನೆಲ ಬೇರೆ ಯಾರದೋ ಕೆಲಸ, ಇಳಿಜಾರು ಸರಿಯಿರಲಿಲ್ಲ.

ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತು. ಅವಳ ಸೀರೆಗಳನ್ನು ಅವಳ ಅಕ್ಕತಂಗಿಯರು ಹಂಚಿಕೊಂಡು ಹೋದರು. ಅದು ರೂಢಿ, ನಾನು ಬೇಡವೆನ್ನಲಿಲ್ಲ. ಒಬ್ಬಳೇ ಮಗಳು ಭಾರತಿ. ವಿಲೆ ಪಾರ್ಲೆಯಲ್ಲಿ ಅವಳ ಗಂಡನ ಮನೆ. ಅಳಿಯ ಪ್ರಶಾಂತನಿಗೆ ಏರ್‌ಪೋರ್ಟಿನ ಸಾಮಾನು ಸಾಗಿಸುವ ಕಂಪನಿಯಲ್ಲಿ ಕೆಲಸ. ಅವರದು ಉಡುಪಿ ಕಡೆಯ ಕುಟುಂಬ, ಒಳ್ಳೆಯ ಜನ. ಭಾರತಿ ಬಸುರಾಗಿ ಏಳು ತಿಂಗಳಾದಾಗ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಚೊಚ್ಚಲ ಹೆರಿಗೆ, ಬಾಣಂತನ ತವರಿನದು. ನಮ್ಮ ಕಡೆಯ ಲೆಕ್ಕ ಅದು.

“ಕರಕೊಂಡ ಹೋಗಾಕ ಬಂದೇನ್ರಿ,” ಎಂದೆ.

ಬೀಗತಿ ಬಹಳ ಮೃದುವಾಗಿ ಹೇಳಿದರು. “ಕರ್ಕೊಂಡು ಹೋಗ್ಲಿಕ್ಕೆ ನಮ್ಮದೇನೂ ಇಲ್ಲ. ಆದ್ರೆ ಅಲ್ಲಿ ಯಾರಿದ್ದಾರೆ ಹೇಳಿ? ಎಣ್ಣೆ-ನೀರು ಮಾಡ್ಲಿಕ್ಕೆ, ಮಗು ಮೀಯಿಸ್ಲಿಕ್ಕೆ ಒಂದು ಹೆಂಗಸು ಬೇಡವಾ?”

ನಾನು ಮಗಳ ಮುಖ ನೋಡಿದೆ. ಅವಳು ನೆಲ ನೋಡಿದಳು. ಆಮೇಲೆ ನಾನೂ ನೆಲ ನೋಡಿದೆ. ಮುಖಭಂಗವಾದಾಗ ನಾನು ಮಾಡುವುದು ಅದೊಂದೇ. ಕಿಟಕಿಯ ಬಳಿಯ ಟೈಲು ಎರಡು ನೂಲಿನಷ್ಟು, ಅಂದರೆ ಕಾಲು ಇಂಚು, ಮೇಲೆದ್ದಿತ್ತು. ಸರಿ ಎಂದು ಎದ್ದು ಬಂದೆ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ತಾಯಿ ಇಲ್ಲದ ಮೇಲೆ ತವರಿಲ್ಲ, ಎಲ್ಲರೂ ಹೇಳುತ್ತಾರೆ. ಹಾಗಾದರೆ ನಾನು ಯಾರು ಎಂದು ಕುರ್ಲಾದಲ್ಲಿ ಗಾಡಿ ಬದಲಿಸುವಾಗ ಹೊಳೆಯಿತು. ಆಗ ಉತ್ತರ ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಗಂಡು ಮಗು ಹುಟ್ಟಿತು. ಬಾಣಂತನವಂತೂ ತಪ್ಪಿತು, ತವರಿನ ಕೌದಿಯಾದರೂ ಹೋಗಲಿ ಎಂದುಕೊಂಡೆ. ಕೂಸಿಗೆ ಕೌದಿ ಹೊಲಿದು ಕಳಿಸುವುದು ಅಜ್ಜಿಯ ಕೆಲಸ. ಅಜ್ಜಿ ಇಲ್ಲವೆಂದು ಕೌದಿಯೂ ಇಲ್ಲವೆಂದರೆ, ಅವರು ಹೇಳಿದ್ದೇ ಖರೆ ಮಾಡಿದ ಹಾಗಾಯಿತು. ಮಾರ್ಕೆಟ್ಟಿಗೆ ಹೋಗಿ ಹೊಸ ಬಟ್ಟೆ ತಂದೆ. ಹತ್ತಿ, ಒಳ್ಳೆಯ ಮಾಲು, ಐದು ಬಣ್ಣ.

ಚೆಂಬೂರಿನ ನಮ್ಮ ಚಾಳಿನ ಕೊನೆಯ ಖೋಲಿಯಲ್ಲಿ ಮಲ್ಲಕ್ಕ ಇದ್ದಾಳೆ. ನಮ್ಮ ಕಡೆಯವಳೇ, ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವಳು. ಕಣ್ಣಿಗೆ ಪೊರೆ ಬಂದು ಸೂಜಿ ಕಾಣುವುದಿಲ್ಲ, ನಾಲಗೆ ಮಾತ್ರ ಇನ್ನೂ ಚೂಪು. ಬಟ್ಟೆಯನ್ನು ಬೆರಳ ನಡುವೆ ಹೊಸಕಿ ನೋಡಿ ಕೇಳಿದಳು:

“ಏನೋ ತಮ್ಮಾ ಇದು, ಗರಿಗರಿ ಅನಾಕತ್ತೈತಿ. ಹೊಸಾ ಅರಿವಿ ಏನು?”

“ಹೂಂ ಅಕ್ಕಾ. ಛಲೋದು ತಂದೇನಿ.”

“ಕೂಸಿನ ಕೌದಿ ಹೊಸಾ ಅರಿವೀಲೆ ಯಾರರೆ ಹೊಲದಾರೇನ? ಐದ ಮನೀ ಅರಿವಿ ಬೇಡಿ ತರಬೇಕು. ಐದ ಮನೀ ಮಂದಿ ಮೈಮ್ಯಾಲ ಮೆತ್ತಗಾದ ಅರಿವಿ ಇರಬೇಕು, ಕೂಸಿಗಿ ದೃಷ್ಟಿ ಆಗೂದಿಲ್ಲ. ನಿನಗ ಇಷ್ಟೂ ಗೊತ್ತಿಲ್ಲ?”

ಗೊತ್ತಿತ್ತು. ಗೊತ್ತಿದ್ದರಿಂದಲೇ ಮಾರ್ಕೆಟ್ಟಿಗೆ ಹೋಗಿದ್ದೆ. ಈ ಊರಿಗೆ ಬಂದಂದಿನಿಂದ ನಾನು ಯಾರನ್ನೂ ಏನೂ ಬೇಡಿಲ್ಲ. ಮಗಳ ಮದುವೆಯಲ್ಲಿ ಕುರ್ಚಿ ಕಡಿಮೆ ಬಿದ್ದಾಗಲೂ ಪಕ್ಕದ ಮನೆಯವರನ್ನು ಕೇಳದೆ, ಇಡೀ ಮದುವೆ ನಿಂತೇ ಇದ್ದೆ. ಈಗ ಹಳೆಯ ಸೀರೆ ಕೊಡಿ ಎಂದು ಬಾಗಿಲು ತಟ್ಟುವುದೇ? “ಬ್ಯಾರೆ ದಾರಿ ಇಲ್ಲೇನಕ್ಕಾ?” ಎಂದೆ. “ಐತಿ. ಸುಮ್ಮನ ಕುಂಡರು,” ಎಂದಳು.

ಮೊದಲ ಮನೆ ಜಾಧವ ಕಾಕುದು. ಮರಾಠಿ ಹೆಂಗಸು, ಎದುರಿನ ಸಾಲಿನಲ್ಲಿದ್ದಾರೆ, ಇಪ್ಪತ್ತು ವರ್ಷದ ಪರಿಚಯ. ಬಾಗಿಲಲ್ಲಿ ನಿಂತೆ.

“ಕಾಯ್ ಝಾಲಂ, ಮಿಸ್ತ್ರೀ?”

ಏನಾಯಿತು ಎಂದು ಕೇಳಿದರೆ ಹೇಳಬೇಕಲ್ಲ. ಕಣ್ಣು ಎಂದಿನಂತೆ ಕೆಳಗೆ ಹೋಯಿತು. ಹೊಸ್ತಿಲ ಬಳಿ ಒಂದು ಟೈಲು ಅಲ್ಲಾಡುತ್ತಿತ್ತು. “ಫರ್ಶಿ ಬಘಾಯ್ಲಾ ಆಲೋ,” ಎಂದುಬಿಟ್ಟೆ. ಫರ್ಶಿ ನೋಡಲು ಬಂದೆ ಎಂದ ಮೇಲೆ ನೋಡಲೇಬೇಕು. ಮನೆಗೆ ಬಂದು ಸಾಮಾನು ಒಯ್ದು, ಆ ಟೈಲನ್ನು ಕಿತ್ತು, ಸಿಮೆಂಟು ಹಾಕಿ, ಕೂರಿಸಿ, ಅವರು ಕೊಟ್ಟ ಚಹ ಕುಡಿದು ವಾಪಸು ಬಂದೆ.

ಮಲ್ಲಕ್ಕ ನಕ್ಕು ನಕ್ಕು ಕೆಮ್ಮಿದಳು. “ಸೀರಿ ಬೇಡಾಕ ಹೋಗಿ ಫರಸಿ ರಿಪೇರಿ ಮಾಡಿ ಬಂದ್ಯಾ? ಹಿಂಗ ಐದ ಮನೀ ತಿರಗು, ಚಾಳ ಪೂರಾ ಹೊಸದಾಗತೈತಿ!”

ಮರುದಿನ ಮತ್ತೆ ಹೋದೆ. ಕಾಕು ಮೊದಲು ನೆಲ ನೋಡಿದರು, ಆಮೇಲೆ ನನ್ನನ್ನು. ಈ ಸಲ ಕಣ್ಣು ಕೆಳಗೆ ಬಿಡದೆ, ಗೋಡೆಯ ಮೇಲಿನ ಗಡಿಯಾರ ನೋಡುತ್ತ ಹೇಳಿದೆ: ಮೊಮ್ಮಗನಿಗೆ ಕೌದಿ, ಹಳೆಯ ಸೀರೆ ಬೇಕು, ಬೇಡಲು ಬಂದಿದ್ದೇನೆ. ಮರಾಠಿಯಲ್ಲಿ ಹೇಳಿದ್ದು ಒಳ್ಳೆಯದಾಯಿತು. ಕನ್ನಡದಲ್ಲಾಗಿದ್ದರೆ ಆ ಮಾತು ಹೊರಡುತ್ತಿರಲಿಲ್ಲವೇನೋ.

“ನಾತವಾಲಾ? ಅರೇ, ಮಗ ಆಧೀ ಸಾಂಗಾಯ್ಚ ನಾ!” ಮೊಮ್ಮಗನಿಗೆ ಎಂದು ಮೊದಲೇ ಹೇಳಬಾರದೇ ಎಂದು ಬೈದರು. ಹೋದ ವಾರವಷ್ಟೇ ಹಳೆಯ ಸೀರೆಗಳನ್ನೆಲ್ಲ ಪಾತ್ರೆಯವಳಿಗೆ ಕೊಟ್ಟು ಒಂದು ಸ್ಟೀಲಿನ ಡಬ್ಬಿ ತೆಗೆದುಕೊಂಡಿದ್ದರಂತೆ. ತಾವು ಉಟ್ಟುಕೊಳ್ಳುತ್ತಿದ್ದ ಒಂದು ಹಸಿರು ಸೀರೆಯನ್ನು ತಂತಿಯಿಂದ ಎಳೆದು ಕೊಟ್ಟರು. ಇನ್ನೂ ಒದ್ದೆಯಿತ್ತು.

ಉಳಿದ ನಾಲ್ಕು ಮನೆ ಸಲೀಸಾಯಿತು ಎಂದರೆ ಸುಳ್ಳಾದೀತು. ಒಂದು ಮನೆಯಲ್ಲಿ ಒಡೆದ ಬಕೆಟ್ಟಿನ ಬಗ್ಗೆ ಮಾತಾಡಿ ಬಂದೆ. ಇನ್ನೊಂದು ಮನೆಯವರು ನಾನು ಬಾಯಿ ಬಿಡುವ ಮೊದಲೇ ಗಂಟು ತಂದಿಟ್ಟರು. ಕಾಕು ಸಾಲಿಗೆಲ್ಲ ಸುದ್ದಿ ಮುಟ್ಟಿಸಿದ್ದರು. ಬೇಡುವುದಕ್ಕಿಂತ, ಬೇಡುವ ಮೊದಲೇ ಕೊಟ್ಟದ್ದನ್ನು ತೆಗೆದುಕೊಳ್ಳುವುದು ಇನ್ನೂ ಕಷ್ಟವೆಂದು ಅವತ್ತು ತಿಳಿಯಿತು.

ಇನ್ನು ಹೊಲಿಗೆ. ನೀವು ನಗಬಹುದು, ನಾನು ಮೊದಲು ತೆಗೆದದ್ದು ಸೂಜಿಯನ್ನಲ್ಲ, ಮೂಲೆಮಟ್ಟವನ್ನು. ತುಂಡುಗಳನ್ನೆಲ್ಲ ಅಳತೆ ಮಾಡಿ ಒಂದೇ ಚೌಕಕ್ಕೆ ಕತ್ತರಿಸಿದೆ. ಸೀರೆಗಳನ್ನು ಹಾಸಿ ನಟ್ಟನಡುವೆ ದಾರ ಹಿಡಿದು ಗೆರೆ ಹೊಡೆದೆ. ಫರ್ಶಿಯನ್ನು ನಡುವಿನಿಂದ ಶುರು ಮಾಡಬೇಕು. ಗೋಡೆಯ ಬದಿಗೆ ಬಂದಾಗ ತುಂಡು ಬಿದ್ದರೆ ಕಪಾಟಿನ ಕೆಳಗೆ ಅಡಗುತ್ತದೆ. ಹಾಗೆ ನಡುವಿನಿಂದ ಚೌಕಗಳನ್ನು ಇಟ್ಟುಕೊಂಡು ಹೋದೆ. ಎರಡು ದಿನದ ಕೆಲಸ ಮುಗಿಸಿ ಮಲ್ಲಕ್ಕನನ್ನು ಕರೆದೆ. ಅವಳು ಕಣ್ಣಿನಿಂದ ನೋಡುವವಳಲ್ಲ. ಅಂಗೈ ಆಡಿಸಿದಳು. ನಡುವೆ ಬಂದು ಕೈ ನಿಂತಿತು.

“ತಮ್ಮಾ, ಇವು ಯಾಕ ಒಂದಕ್ಕೊಂದು ಮುಟ್ಟಿಲ್ಲ?”

“ಸಂದು ಬಿಟ್ಟೇನಿ ಅಕ್ಕಾ.”

“ಸಂದು ಯಾಕ?”

ಆಗಲೇ ನನಗೂ ತಿಳಿದದ್ದು. ಸಿಮೆಂಟು ತುಂಬಲು! ಕೈ ತನ್ನಷ್ಟಕ್ಕೆ ತಾನು ಎರಡು ನೂಲು ಸಂದು ಬಿಡುತ್ತ ಹೋಗಿತ್ತು. ನಾನು ಹೇಳುವ ಮೊದಲೇ ಅವಳಿಗೆ ಗೊತ್ತಾಯಿತು. “ಯವ್ವಾ, ಇವ ಕೌದಿಗಿ ಸಿಮೆಂಟ ಹಾಕಾಂವ!” ಎಂದು ಚಾಳಿಗೆಲ್ಲ ಕೇಳುವಂತೆ ಕೂಗಿದಳು. ಸಾಲದ್ದಕ್ಕೆ ನಡುವಿನಿಂದ ಹೊಲಿದದ್ದರಿಂದ ಬಟ್ಟೆಯೆಲ್ಲ ಅಂಚಿಗೆ ಸರಿದು, ಬದಿಗಳು ಹಪ್ಪಳದ ಹಾಗೆ ಸೊಟ್ಟಗಾಗಿದ್ದವು. ಎಲ್ಲ ಬಿಚ್ಚಿಸಿದಳು.

“ನಿನ್ನ ಖೋಲೀ ನೆಲಾ ಹ್ಯಾಂಗ ಹಾಸೀದಿ?”

ನನ್ನ ಖೋಲಿಯ ನೆಲ ಬೇರೆ ಬೇರೆ ಕೆಲಸಗಳಲ್ಲಿ ಉಳಿದ ಚೂರುಗಳದು. ಒಂದರಂತೆ ಒಂದಿಲ್ಲ. “ಸಿಕ್ಕದ್ದು ಸಿಕ್ಕಲ್ಲೆ ಹಾಕೇನಿ,” ಎಂದೆ.

“ಹಂಗ ಹಾಕು. ಅಂಚಿನಿಂದ ಸುತ್ತಿ ಸುತ್ತಿ ಒಳಗ ಬಾ. ಮತ್ತ ದೂರ ಕುಂತ ಹೊಲೀಬ್ಯಾಡ, ಅದರ ಮ್ಯಾಲ ಕುಂಡರು.”

ಹೊಸ ಫರ್ಶಿಯ ಮೇಲೆ ಕಾಲಿಟ್ಟವನನ್ನು ನಾನು ಕರಣೆ ಎತ್ತಿಕೊಂಡು ಅಟ್ಟಿಸಿಕೊಂಡು ಹೋಗಿದ್ದೇನೆ. ಈಗ ನನ್ನದೇ ಕೆಲಸದ ಮೇಲೆ ನಾನೇ ಕೂರಬೇಕು. ಬಹಳ ಸಂಕೋಚದಿಂದ ಕೂತೆ. ಸಂಜೆಯವರೆಗೆ ಹೊಲಿದು, ಚಹ ಮಾಡಲು ಎದ್ದರೆ ಕೌದಿಯೂ ನನ್ನ ಜೊತೆ ಎದ್ದಿತು. ಲುಂಗಿಯನ್ನೂ ಸೇರಿಸಿ ಹೊಲಿದುಬಿಟ್ಟಿದ್ದೆ. ಖೋಲಿಯಲ್ಲಿ ಯಾರಾದರೂ ಇದ್ದಿದ್ದರೆ ಇಬ್ಬರೂ ನಗಬಹುದಿತ್ತು. ಒಬ್ಬನೇ ಇದ್ದಾಗ ಇಂಥದ್ದು ನಡೆದರೆ ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತೇವೆ, ಆಮೇಲೆ ಕೂತು ಬಿಚ್ಚುತ್ತೇವೆ.

ಹೊಲಿಗೆ ಮುಗಿಯುವ ಹೊತ್ತಿಗೆ ಮಗುವಿಗೆ ಎರಡು ತಿಂಗಳು ತುಂಬಿತ್ತು. ಸಾಲುಗಳು ನೆಟ್ಟಗಿರಲಿಲ್ಲ. ಮಲ್ಲಕ್ಕ ಹೆಬ್ಬೆರಳಿನಿಂದ ಒಂದೊಂದೇ ಸಾಲನ್ನು ತಡವಿ, “ಸೊಟ್ಟ ಐತಿ, ಗಟ್ಟಿ ಐತಿ. ಒಯ್ಯಿ,” ಎಂದಳು.

ಚೆಂಬೂರಿನಿಂದ ಕುರ್ಲಾ, ಕುರ್ಲಾದಿಂದ ದಾದರ್, ದಾದರಿನಿಂದ ಪಾರ್ಲೆ. ಗಂಟನ್ನು ಮಡಿಲಲ್ಲಿಟ್ಟುಕೊಂಡಿದ್ದೆ. ಬೀಗತಿ ಬಿಚ್ಚಿ ನೋಡಿ ಕಣ್ಣರಳಿಸಿದರು.

“ಎಷ್ಟು ಚಂದ ಉಂಟು! ಯಾರ ಹತ್ರ ಹೊಲಿಸಿದ್ದು ನೀವು?”

“ಯಾರ ಹತ್ರಾನೂ ಅಲ್ರಿ. ನಾನ ಹೊಲದೇನಿ.”

ಪ್ರಶಾಂತ ಅಂಚನ್ನು ಹಿಡಿದು ನೋಡಿದ. ಅವನ ಕನ್ನಡಕ್ಕೆ ಯಾವಾಗಲೂ ಹಿಂದಿಯ ಊರುಗೋಲು ಬೇಕು. “ಮಾಮಾ, ಕಪಡಾ ಹೊಸದಾ? ಮತ್ಲಬ್... ಬೇಬಿಯ ಸ್ಕಿನ್‌ಗೆ ಏನೂ ಆಗೋದಿಲ್ಲ ನಾ?”

ಹೊಸದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಮೆತ್ತಗಾಗಲಿ ಎಂದು ಒಗೆದು ತಂದೆ ಎಂದರೆ ನಂಬುತ್ತಿದ್ದರು. ಆದರೆ ಹೊಸ ಬಟ್ಟೆಯ ಕೌದಿಯಾದರೆ ಅಂಗಡಿಯಿಂದಲೇ ತರಬಹುದಿತ್ತು. ಅದಕ್ಕೆ ನಾನು ಯಾಕೆ ಬೇಕು?

“ಹಳೇದು,” ಎಂದೆ. “ಬೇಡಿ ತಂದದ್ದು. ಐದ ಮನ್ಯಾಗ.”

ಭಾರತಿ ಮಗುವನ್ನು ಎತ್ತಿಕೊಂಡು ನಿಂತಿದ್ದವಳು ತಲೆಯೆತ್ತಿದಳು. “ಯಪ್ಪಾ, ನೀ ಬೇಡಿದಿ?”

“ಹೂಂ.”

“ಜಾಧವ ಕಾಕು ಮನ್ಯಾಗೂ?”

“ಅವರ ಮನೀಗಿ ಎರಡ ಸಲಾ ಹೋಗಬೇಕಾತು. ಒಮ್ಮೆ ಫರಸಿ ರಿಪೇರಿ ಆತು.”

ಅವಳಿಗೆ ಅರ್ಥವಾಯಿತು. ನನ್ನ ಮಗಳಲ್ಲವೇ. ಅವಳು ನಗಲು ಶುರುಮಾಡಿದಳು. ನಗುತ್ತ ನಗುತ್ತ ಮಗುವನ್ನು ಅತ್ತೆಯ ಕೈಗೆ ಕೊಟ್ಟು ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬೀಗತಿಯೇ ಸುಧಾರಿಸಿದರು. “ಒಮ್ಮೆ ಔಷಧ ಹಾಕಿದ ಬಿಸಿ ನೀರಿಗೆ ಅದ್ದಿ ತೆಗೆದ್ರೆ ಆಯ್ತು ಮಾರಾಯ. ನಿನ್ನನ್ನು ನಾನು ಮಲಗಿಸಿದ್ದು ಮತ್ತೆಂಥದ್ರಲ್ಲಿ?” ಎಂದು ಮಗನಿಗೆ ಗದರಿದರು.

ಊಟ ಮಾಡಿ ಹೊರಟೆ. ಬಾಗಿಲ ಬಳಿ ಬಗ್ಗಿ ಚಪ್ಪಲಿ ಹಾಕಿಕೊಳ್ಳುವುದು ನನಗೆ ದೊಡ್ಡ ಕೆಲಸ. ಭಾರತಿ ಬಂದು ಪಕ್ಕದಲ್ಲಿ ನಿಂತಳು. ಏಳನೆಯ ತಿಂಗಳಲ್ಲಿ ಕರೆದುಕೊಂಡು ಹೋಗಲು ಬಂದಿದ್ದೆನೇ ಹೊರತು, ಬರುತ್ತೀಯಾ ಎಂದು ಅವಳನ್ನು ಕೇಳಿರಲಿಲ್ಲ. ಆ ಬಾಗಿಲಲ್ಲಿ ಗಡಿಯಾರವೂ ಇರಲಿಲ್ಲ ನೋಡಲು. ಚಪ್ಪಲಿಯ ಪಟ್ಟಿ ಎಳೆಯುತ್ತಲೇ ಹೇಳಿದೆ:

“ಒಂದ ನಾಕ ದಿನಾ ಬರ್ತಿಯೇನವಾ? ನಾಕ ದಿನಾ ಆಗಲಿಲ್ಲಂದ್ರ ಒಂದ ದಿನಾ. ಕೇಳಾಕತ್ತೇನಿ ನೋಡು.”

“ನೋಡ್ತೀನಪ್ಪಾ,” ಎಂದಳು.

ಮುಂಬಯಿಯಲ್ಲಿ ‘ನೋಡ್ತೀನಿ’ ಎಂಬ ಮಾತಿನ ಬೆಲೆ ನನಗೆ ಚೆನ್ನಾಗಿ ಗೊತ್ತು. ಕಂಟ್ರಾಕ್ಟರರ ಬಾಯಲ್ಲಿ ಬೇಕಾದಷ್ಟು ಕೇಳಿದ್ದೇನೆ. ಆದರೂ ಆ ರವಿವಾರ ಖೋಲಿ ತೊಳೆದೆ, ಹಾಲು ಜಾಸ್ತಿ ತಂದೆ. ಅವಳು ಬರಲಿಲ್ಲ, ಹಾಲು ಮುಗಿಸಲು ಎರಡು ದಿನ ಬರೀ ಚಹ ಕುಡಿದೆ. ಮುಂದಿನ ರವಿವಾರವೂ ತಂದೆ. ಹಾಲಿನವನು, “ಮೆಹಮಾನ್ ಆಯೇ ಕ್ಯಾ?” ಎಂದ. ಬರುವವರಿದ್ದಾರೆ ಎಂದೆ. ಆ ವಾರವೂ ಚಹವೇ. ಫೋನ್ ಮಾಡಿ ನೆನಪಿಸಬಹುದಿತ್ತು. ಅಷ್ಟು ಬೇಡುವುದನ್ನು ನಾನು ಇನ್ನೂ ಕಲಿತಿಲ್ಲ.

ಅದರ ಮುಂದಿನ ರವಿವಾರ ಹಾಲು ಜಾಸ್ತಿ ತರಲಿಲ್ಲ. ಅವತ್ತೇ ಬಂದರು. ರಿಕ್ಷಾದಿಂದ ಭಾರತಿ ಇಳಿದಳು, ಹೆಗಲ ಮೇಲೆ ಮಗು, ಕಂಕುಳಲ್ಲಿ ಕೌದಿ. ಬ್ಯಾಗು ಇರಲಿಲ್ಲ, ಹಾಗಾಗಿ ಎಷ್ಟು ಹೊತ್ತು ಇರುತ್ತಾಳೆಂದು ಕೇಳುವ ಅಗತ್ಯ ಬೀಳಲಿಲ್ಲ. ಅನ್ನ, ಬೇಳೆಸಾರು ಮಾಡಿದೆ. ಉಪ್ಪು ಕಡಿಮೆಯಾಗಿತ್ತು; ಅವಳು ಹೇಳಲಿಲ್ಲ, ಎದ್ದು ಹಾಕಿಕೊಂಡಳು. ನಂತರ ಕೌದಿ ಹಾಸಿ ಮಗುವನ್ನು ಮಲಗಿಸಿದಳು. ಔಷಧದ ವಾಸನೆ ಇನ್ನೂ ಇತ್ತು. ಮಗುವನ್ನು ತಟ್ಟುತ್ತ ತಟ್ಟುತ್ತ ಅವಳಿಗೂ ನಿದ್ದೆ ಬಂತು. ಅಂಚಿನಲ್ಲಿ ಮಲಗಿದ್ದಳು, ಬೆನ್ನು ನೆಲಕ್ಕೆ ಬಂದಿತ್ತು. ನಾನು ಬಾಗಿಲು ಮುಂದೆ ಎಳೆದು ಹೊರಗಿನ ಗ್ಯಾಲರಿಯಲ್ಲಿ ಕೂತೆ.

ಮಲ್ಲಕ್ಕ ಗೋಡೆ ಹಿಡಿದುಕೊಂಡು ನಳಕ್ಕೆ ಹೋಗುತ್ತಿದ್ದವಳು ನನ್ನ ಕಾಲು ತಾಗಿ ನಿಂತಳು.

“ಯಾರು, ತಮ್ಮ ಏನು? ಹೊರಗ್ಯಾಕ ಕುಂತಿ? ಒಳಗ ಜಗಾ ಇಲ್ಲೇನು?”

“ಇಲ್ಲಕ್ಕಾ,” ಎಂದೆ. “ಇವತ್ತ ಜಗಾ ಇಲ್ಲ.”

ಅವಳು ತಲೆ ಆಡಿಸಿ, ಬಕೆಟ್ಟು ಸದ್ದಾಗದಂತೆ ಎತ್ತಿ ಹಿಡಿದು ಹೋದಳು.

ಸಂಜೆಯ ಗರ್ದಿ ಶುರುವಾಗುವ ಮೊದಲೇ ಭಾರತಿ ಹೊರಟಳು. ಮಗುವನ್ನು ಎತ್ತಿಕೊಂಡಳು. ನಾನು ಕೌದಿ ಮಡಚಿ ಕೊಡಲು ಹೋದೆ. ಒಂದು ಕಡೆ ಒದ್ದೆಯಾಗಿತ್ತು.

“ಅದು ಇಲ್ಲೇ ಇರ್ಲಪ್ಪಾ,” ಎಂದಳು.

“ಯಾಕವಾ? ಅಲ್ಲೇ ಯಾರರೆ ಏನರೆ ಅಂದ್ರೇನು?”

“ಯಾರೂ ಏನೂ ಅಂದಿಲ್ಲ. ಅಲ್ಲೇ ಅವಗ ಹಾಸಾಕ ಬೇಕಾದಷ್ಟ ಅದಾವ. ಇಲ್ಲೇ ಏನೈತಿ? ನಾವು ಬಂದಾಗ ಬೇಕಲ್ಲ.”

ಯಾವಾಗ ಬರುತ್ತೀರಿ ಎಂದು ಕೇಳಲಿಲ್ಲ. ರಿಕ್ಷಾ ತಿರುವಿನಲ್ಲಿ ಮರೆಯಾಗುವವರೆಗೆ ನಿಂತು, ಒಳಗೆ ಬಂದು ಒದ್ದೆಯಾದ ಕಡೆಯನ್ನು ಮಾತ್ರ ತೊಳೆದು ಗ್ಯಾಲರಿಯ ಕಟಕಟೆಗೆ ಹಾಕಿದೆ. ಅದು ಒಣಗಿ ಈಗ ಬಹಳ ದಿನವಾಯಿತು.

ಸದ್ಯ ನನ್ನ ಬಳಿ ಇರುವುದು ಇಷ್ಟು: ಹತ್ತು ಅಡಿಗೆ ಹನ್ನೆರಡು ಅಡಿಯ ಖೋಲಿ ಒಂದು. ಚಾಪೆ ಎರಡು. ಕಪ್ಪು ಮೂರು, ಅದರಲ್ಲಿ ಒಂದಕ್ಕೆ ಹಿಡಿಯಿಲ್ಲ. ಮಡಚುವ ಮೊಣಕಾಲು ಒಂದು, ಮಡಚದ್ದು ಒಂದು. ಮಗಳು ಒಬ್ಬಳು, ಮೊಮ್ಮಗ ಒಬ್ಬ, ಇಬ್ಬರೂ ಪಾರ್ಲೆಯಲ್ಲಿ. ಕೌದಿ ಒಂದು, ಮಡಚಿಟ್ಟದ್ದು.